ಹಗೇವಿನ ತಂಪು

ಇನ್ನೊಂದು ಜೀವವನ್ನು ಕಾಯುವ ಹೊಣೆ ಹೊತ್ತವರು ಕಣ್ಣು ಮುಚ್ಚಬಾರದು. ಲೋಕ ಇಲ್ಲಿಯವರೆಗೆ ನಡೆದುಬಂದಿರುವುದೇ ಅಂಥವರ ಎಚ್ಚರದಿಂದ. ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಈ ಹೊಣೆ ಹೊತ್ತಿದ್ದವನಿಗೆ ಹತ್ತು ವರ್ಷ. ಮಧ್ಯಾಹ್ನ ಎರಡು ಮುದ್ದೆ ಉಂಡ ಮೇಲೆ ಅವನು ಬಾಯಿ ತೆರೆದುಕೊಂಡು ನಿದ್ದೆ ಹೋಗುತ್ತಿದ್ದ. ಅವನು ನಾನೇ.

ಆಗೆಲ್ಲ ಏಪ್ರಿಲ್ ಹತ್ತಕ್ಕೆ ಶಾಲೆಯವರು ಪಾಸು ಫೇಲು ಓದಿ ಹೇಳಿ ಬೀಗ ಹಾಕಿಕೊಂಡು ಹೋಗುತ್ತಿದ್ದರು. ಅಲ್ಲಿಂದ ಮೇ ಮುಗಿಯುವವರೆಗೆ ಯಗಟಿ ಕಡೆಯ ನಮ್ಮ ಊರಿನಲ್ಲಿ ಮಕ್ಕಳಿಗೂ ಕುರಿಗಳಿಗೂ ಹೆಚ್ಚು ವ್ಯತ್ಯಾಸ ಇರುತ್ತಿರಲಿಲ್ಲ. ಬೆಳಿಗ್ಗೆ ಹೊರಗೆ ಹೋಗುವುದು, ಬಿಸಿಲೇರಿದ ಮೇಲೆ ಸಿಕ್ಕ ನೆರಳಿನಲ್ಲಿ ಒಬ್ಬರ ಮೈಗೆ ಒಬ್ಬರು ತಲೆ ತೂರಿಸಿ ನಿಲ್ಲುವುದು. ಬೇವಿನ ಹೂವಿನ ವಾಸನೆ, ಹುಣಸೇಹಣ್ಣು ಕುಟ್ಟುವ ಮನೆಗಳಿಂದ ಬರುವ ಹುಳಿ ವಾಸನೆ, ಚೌಕಾಬಾರದ ಕವಡೆ ಸದ್ದು. ಹನ್ನೆರಡಾದರೆ ಕವಡೆಯೂ ನಿಲ್ಲುತ್ತಿತ್ತು. ಕಾಗೆಗಳು ಕೂಡ ಬಾಯಿ ಬಿಟ್ಟುಕೊಂಡು ಕೂಗದೆ ಕೂತಿರುತ್ತಿದ್ದವು.

ಆ ವರ್ಷ ನಮ್ಮ ಮನೆ ಮೋಲ್ಡ್ ಮನೆಯಾಗಿತ್ತು. ತೊಲೆ, ಜಂತೆ, ಒಂದು ಮೊಳ ದಪ್ಪದ ಮಣ್ಣು ಇದ್ದ ಹಳೇ ಮಾಳಿಗೆಯನ್ನು ಅಪ್ಪ ಕೆಡವಿಸಿ ಸಿಮೆಂಟಿನ ತಾರಸಿ ಹಾಕಿಸಿದ್ದರು. ನಮ್ಮ ಬೀದಿಗೆ ಅದು ಮೊದಲನೆಯದು. ಅಮ್ಮನಿಗೆ ಅದರಿಂದ ಒಂದು ಅನುಕೂಲವಾಗಿತ್ತು: ಮೇಲೆ ಹಾಕಿದ ಸಂಡಿಗೆ ಒಂದೇ ದಿನಕ್ಕೆ ಒಣಗುತ್ತಿತ್ತು. ಕೆಳಗೆ ನಾವೂ ಒಣಗುತ್ತಿದ್ದೆವು. ಆದರೆ ಹಾಗೆಂದು ಬಾಯಿ ಬಿಟ್ಟು ಹೇಳುವ ಹಕ್ಕು ಮನೆಯಲ್ಲಿ ಯಾರಿಗೂ ಇರಲಿಲ್ಲ. ಅಪ್ಪ ದಿನಾ ಕೆಲಸಕ್ಕೆ ಬಸ್ಸು ಹಿಡಿದು ಕಡೂರಿಗೆ ಹೋಗುವವರು, ಹಗಲು ಹೇಗೋ ತಪ್ಪಿಸಿಕೊಳ್ಳುತ್ತಿದ್ದರು.

ಅಂಥ ಮನೆಗೆ ಅಜ್ಜಂಪುರದ ಸೋದರಮಾವ ಒಂದು ಭಾನುವಾರ ಬಂದರು. ಜೊತೆಗೆ ಎಂಟು ವರ್ಷದ ಮಗಳು ಪವಿತ್ರ. ಅವಳ ತೋಳಿನಲ್ಲಿ ಮುಚ್ಚಳವಿದ್ದ ಬಿದಿರಿನ ಬುಟ್ಟಿ. ಅಜ್ಜಂಪುರದಿಂದ ಕಡೂರಿಗೆ ಪ್ಯಾಸೆಂಜರ್ ರೈಲಿನಲ್ಲಿ, ಅಲ್ಲಿಂದ ಬಸ್ಸಿನಲ್ಲಿ, ಅವಳು ಆ ಬುಟ್ಟಿಯನ್ನು ಕೆಳಗಿಟ್ಟಿರಲಿಲ್ಲವಂತೆ. ಬುಟ್ಟಿಯ ಒಳಗಿಂದ ಕುಕ್ಕರು ಕೂಗುವ ಮೊದಲು ಎಳೆದುಕೊಳ್ಳುವ ಉಸಿರಿನ ಹಾಗೆ "ವೀಕ್, ವೀಕ್" ಎಂದು ಕೇಳಿಸುತ್ತಿತ್ತು.

ಮುಚ್ಚಳ ತೆಗೆದಾಗ ದಪ್ಪ ಇಲಿಗಳಂಥ ಮೂರು ಗಿನಿಪಿಗ್‌ಗಳು ಇದ್ದವು. ಸಂಕ್ರಾಂತಿಯ ಹೊತ್ತಿಗೆ ತಂದದ್ದರಿಂದ ಅವಳು ಅವಕ್ಕೆ ಎಳ್ಳು, ಬೆಲ್ಲ, ಕೊಬ್ಬರಿ ಎಂದು ಹೆಸರಿಟ್ಟಿದ್ದಳು. ಎಳ್ಳಿಗೆ ಮೈತುಂಬ ಕಪ್ಪು ಚುಕ್ಕೆ, ಬೆಲ್ಲ ಕಂದು, ಕೊಬ್ಬರಿ ಪೂರಾ ಬಿಳಿ. ಮೊದಲು ನಾಲ್ಕನೆಯದಾಗಿ ಕಡಲೆಯೂ ಇತ್ತು, ಯುಗಾದಿಯ ಮಾರನೆಯ ದಿನ ಸೆಕೆಗೆ ಸತ್ತಿತ್ತು.

ನಮ್ಮ ಅಜ್ಜಿ, ಎಂದರೆ ಅಪ್ಪನ ತಾಯಿ, ಬಗ್ಗಿ ನೋಡಿದಳು. "ಬಾಲ ಇಲ್ಲ, ಕತ್ತಿಲ್ಲ. ದೇವ್ರು ಅರ್ಧಕ್ಕೇ ಕೈ ತೊಳ್ಕಂಡವ್ನೆ" ಎಂದು ತೀರ್ಪು ಕೊಟ್ಟು ಜಗುಲಿಗೆ ಹೋದಳು.

ಮಾವ ವಿಷಯಕ್ಕೆ ಬಂದರು. "ನಮ್ದು ಶೀಟಿನ ಮನೆ ಅಕ್ಕಾ. ಮಧ್ಯಾಹ್ನ ಆದ್ರೆ ರೊಟ್ಟಿ ಹಂಚಾಗ್ಬಿಡ್ತದೆ. ಇವ್ಳು ಅಮ್ಮನ ಜೊತೆ ತರೀಕೆರೆಗೆ ಹೋಗ್ತಾಳೆ, ಅಲ್ಲಿ ಮನೆ ತುಂಬ ಬೆಕ್ಕು. ಬೇಸಿಗೆ ಮುಗಿಯೋಗಂಟ ಇಲ್ಲಿರ್ಲಿ. ನಿಮ್ದು ಮಾಳಿಗೆ ಮನೆ, ತಂಪು..." ಎನ್ನುತ್ತ ಮೇಲೆ ನೋಡಿದವರು ಅಲ್ಲಿಗೇ ನಿಂತರು. ಮೇಲೆ ಮಾಳಿಗೆ ಇರಲಿಲ್ಲ.

"ಏನ್ ಭಾವ, ಮೋಲ್ಡ್ ಹಾಕ್ಸಿದೀರಾ?"

"ಹ್ಞೂ. ಹಳೇದು ಸೋರ್ತಿತ್ತು."

"ತಂಪಾಗಿರ್ತದಾ?"

"ಸಿಮೆಂಟು ಕಣಯ್ಯಾ. ತಂಪಿಲ್ದೆ ಇನ್ನೇನು?" ಎಂದು ಅಪ್ಪ ಗಾಂಭೀರ್ಯದಿಂದ ಹೇಳಿ, ಬೆವರಿಗೆ ಬೆನ್ನಿಗಂಟಿದ್ದ ಬನಿಯನ್ನು ಬದಲಾಯಿಸಲು ಒಳಗೆ ಹೋದರು.

ಹೊರಡುವಾಗ ಪವಿತ್ರ ನನ್ನ ಕೈಗೆ ನೋಟ್‌ಬುಕ್ಕಿನ ಒಂದು ಹಾಳೆ ಕೊಟ್ಟಳು. ನಮ್ಮಕ್ಕ ಸುಮಕ್ಕ ಹದಿಮೂರರವಳು, ಹಾಳೆ ಅವಳಿಗೆ ಹೋಗಬೇಕಿತ್ತು. ಆದರೆ ಸುಮಕ್ಕ ಗಿನಿಪಿಗ್ ನೋಡಿ "ಅಯ್ಯೋ ಎಷ್ಟ್ ಮುದ್ದಾಗವೆ" ಎಂದಿದ್ದಳು, ಮುದ್ದು ಮಾಡುವವರ ಮೇಲೆ ಪವಿತ್ರಳಿಗೆ ನಂಬಿಕೆ ಇರಲಿಲ್ಲ. ಹಾಳೆಯಲ್ಲಿ ನಾಲ್ಕು ಸಾಲು. ಒಂದು, ನೀರು ದಿನಾ ಬದಲಾಯಿಸಬೇಕು. ಎರಡು, ಸೆಕೆಗೆ ಬಿಡಬಾರದು. ಮೂರು, ಮೂರನ್ನೂ ಜೊತೆಗೇ ಇಡಬೇಕು. ನಾಲ್ಕು, ಸತ್ತು ಹೋದರೆ ಸುಳ್ಳು ಹೇಳಬಾರದು.

"ನಾಲ್ಕ್ನೇದ್ಯಾಕೆ?" ಎಂದೆ.

"ಕಡ್ಲೆ ಸತ್ತಾಗ ಅಪ್ಪ, ಅದು ಅದ್ರ ಅಜ್ಜಿ ಮನೆಗೆ ಹೋಯ್ತು ಅಂದ್ರು. ಆಮೇಲೆ ನಾನೇ ತಿಪ್ಪೇಲಿ ನೋಡ್ದೆ." ಹೇಳುವಾಗ ಅವಳು ಅಳಲಿಲ್ಲ. "ಭಾಷೆ ಕೊಡು. ಮೂರೂ ವಾಪಸ್ ಕೊಡ್ತೀನಿ ಅಂತ."

ನಾನು ಅವಳ ಅಂಗೈ ಮೇಲೆ ಅಂಗೈ ಇಟ್ಟು ಭಾಷೆ ಕೊಟ್ಟೆ. ಮನೆಯ ಗೋಡೆಯ ಮೇಲಿದ್ದ ಚಿಕ್ಕಜ್ಜನ ಫೋಟೋ ಅದಕ್ಕೆ ಸಾಕ್ಷಿ. ಚಿಕ್ಕಜ್ಜ ಎಂದರೆ ನಮ್ಮ ತಾತನ ತಮ್ಮ. ಕ್ರಾಪು ಬಾಚಿಕೊಂಡು ಕುರ್ಚಿಯ ತುದಿಯಲ್ಲಿ ಕೂತ ಇಪ್ಪತ್ತರ ಹುಡುಗ. ಏನಾಗಿ ಹೋದ ಎಂದು ಕೇಳಿದರೆ ಅಜ್ಜಿ "ಜ್ವರ" ಎನ್ನುತ್ತಿದ್ದಳು, ಮತ್ತೆ ಕೇಳಿದರೆ ಎದ್ದು ಹೋಗುತ್ತಿದ್ದಳು.

ಮೊದಲ ವಾರ ರಾಜ್ಯಭಾರ ಚೆನ್ನಾಗಿಯೇ ನಡೆಯಿತು. ಬೆಳಿಗ್ಗೆ ಗರಿಕೆ ಕಿತ್ತು ತರುವುದು, ಸೌತೆಕಾಯಿ ಸಿಪ್ಪೆಯಲ್ಲಿ ಅವುಗಳ ಪಾಲು ತೆಗೆದಿಡುವುದು. ನನ್ನ ಹೆಜ್ಜೆ ಸದ್ದು ಕೇಳಿದರೆ ಸಾಕು, ಮೂರೂ ಒಟ್ಟಿಗೆ ಸೀಟಿ ಹೊಡೆಯುತ್ತಿದ್ದವು. ಹುಟ್ಟಿದಾಗಿನಿಂದ ನನ್ನ ಬರವನ್ನು ಅಷ್ಟು ಸಂಭ್ರಮದಿಂದ ಯಾರೂ ಸಾರಿರಲಿಲ್ಲ.

ಎರಡನೆಯ ವಾರ ಸೆಕೆ ಕೂತುಕೊಂಡಿತು. ಕರೆಂಟು ಬೆಳಿಗ್ಗೆ ಹತ್ತಕ್ಕೆ ಹೋದರೆ ಸಂಜೆ ನಾಲ್ಕಕ್ಕೆ ಬರುತ್ತಿತ್ತು. ನಾವು ಬುಟ್ಟಿಯ ಮೇಲೆ ಒದ್ದೆ ಗೋಣಿತಾಟು ಹೊದಿಸಿದೆವು, ಅರ್ಧ ಗಂಟೆಗೆ ಅದು ಹಪ್ಪಳವಾಯಿತು. ಒಡೆದ ಮಡಕೆಯ ಬೋಕಿಗಳನ್ನು ನೀರಲ್ಲಿ ನೆನೆಸಿ ಒಳಗಿಟ್ಟೆವು, ಬೆಲ್ಲ ಅದರ ಮೇಲೆ ಹೊಟ್ಟೆಯಿಟ್ಟು ಮಲಗಿತು, ಉಳಿದ ಎರಡಕ್ಕೆ ಜಾಗ ಸಾಲಲಿಲ್ಲ. ಬಚ್ಚಲಲ್ಲಿ ಇಟ್ಟೆವು. ಅಮ್ಮ ಬಿಸಿನೀರಿನ ಚೊಂಬು ಹಿಡಿದು ಕತ್ತಲಲ್ಲಿ ಎಡವಿ, "ಒಂದೋ ಅವು ಬಚ್ಚಲಲ್ಲಿರ್ಬೇಕು, ಇಲ್ಲ ನಾನು" ಎಂದಳು. ಎದುರು ಮನೆಯವರದು ಇನ್ನೂ ಮಣ್ಣಿನ ಮಾಳಿಗೆ. ಅಲ್ಲಿ ಇಡೋಣವೇ ಎಂದು ಕೇಳಿದ್ದಕ್ಕೆ ಅಪ್ಪ ಊಟದ ತಟ್ಟೆಯಿಂದ ತಲೆಯೆತ್ತಿ, "ಮೋಲ್ಡ್ ಮನೆ ಇಟ್ಕಂಡು ಅವ್ರ ಮನೆ ನೆರಳು ಕೇಳ್ತೀರಾ? ನನ್ ಮಾನ ಕಳೀಬ್ಯಾಡ್ರಿ" ಎಂದರು. ಹಾಗಾಗಿ ಮಾನ ಉಳಿಯಿತು.

ಒಂದು ಮಧ್ಯಾಹ್ನ ನಾನು ನನ್ನ ಎರಡು ಮುದ್ದೆಯ ನಿದ್ದೆಯಿಂದ ಎದ್ದಾಗ ಮನೆ ಸುಮ್ಮನಿತ್ತು. ನಾನು ನಡೆದರೂ ಸೀಟಿ ಬರಲಿಲ್ಲ. ಬುಟ್ಟಿ ತೆಗೆದರೆ ಕೊಬ್ಬರಿ ಒಂದು ಮಗ್ಗುಲಾಗಿ, ಕಾಲು ಚಾಚಿ ಬಿದ್ದಿತ್ತು. ಕಿವಿಗಳು ಕುಂಕುಮದಷ್ಟು ಕೆಂಪು. ಬಾಯಿಂದ ಜೊಲ್ಲು. ಸುಮಕ್ಕ ಓಡಿಬಂದು ಒದ್ದೆ ಬಟ್ಟೆ ಸುತ್ತಿದಳು, ನಾನು ರಟ್ಟು ಬೀಸಿದೆ. ಎಷ್ಟೋ ಹೊತ್ತಿನ ಮೇಲೆ ಅದು ಮೂಗು ಅಲ್ಲಾಡಿಸಿತು.

"ಇವತ್ತು ಉಳೀತು" ಎಂದಳು ಸುಮಕ್ಕ. "ನಾಳೆ?"

ನಾನು ಜೇಬಿನಿಂದ ಹಾಳೆ ತೆಗೆದು ಎರಡನೆಯ ಸಾಲು ನೋಡಿದೆ. ಆಮೇಲೆ, ಯಾಕೋ, ನಾಲ್ಕನೆಯದನ್ನೂ.

ನಮ್ಮ ಅಂಗಳದ ಮೂಲೆಯಲ್ಲಿ ಒಂದು ಹಗೇವು ಇತ್ತು. ಹಗೇವು ಎಂದರೆ ರಾಗಿ ತುಂಬಿಡಲು ನೆಲದೊಳಗೆ ತೋಡಿದ ಗುಂಡಿ. ಬಾಯಿ ಒಬ್ಬ ಆಳು ತೂರುವಷ್ಟು, ಒಳಗೆ ಗುಡಾಣದ ಹಾಗೆ ಹೊಟ್ಟೆ ಅಗಲ, ಆಳ ಎರಡಾಳು. ಬಾಯಿಯ ಮೇಲೆ ಕಲ್ಲು ಚಪ್ಪಡಿ, ಅದರ ಸಂದಿಗೆ ಸಗಣಿ ಬೆರೆಸಿದ ಕೆಮ್ಮಣ್ಣು ಮೆತ್ತಿ ಗಾಳಿಯಾಡದ ಹಾಗೆ ಮಾಡುತ್ತಿದ್ದರು. ನಾನು ನಾಲ್ಕು ವರ್ಷದವನಿದ್ದಾಗ ಕೊನೆಯ ಸಲ ತೆಗೆದದ್ದು. ಎಲ್ಲಿಂದಲೋ ನೀರು ಜಿನುಗಿ ತಳದ ರಾಗಿ ಕೆಟ್ಟಿತ್ತು. ಮೇಲಿನದನ್ನು ತೆಗೆದುಕೊಂಡು, ಕೆಟ್ಟದ್ದನ್ನು ಅಲ್ಲೇ ಬಿಟ್ಟು, ಮತ್ತೆ ಮುಚ್ಚಿದ್ದರು.

ಆ ದಿನದ್ದು ನನಗೆ ಒಂದೇ ನೆನಪು. ಚಪ್ಪಡಿ ಸರಿಸಿದ ಮೇಲೆ ಅಜ್ಜಿ ಒಂದು ಹಿತ್ತಾಳೆ ದೀಪಕ್ಕೆ ಕುಂಕುಮ ಇಟ್ಟು, ಹಗ್ಗಕ್ಕೆ ಕಟ್ಟಿ, ಕಣ್ಣು ಕೀಲಿಸಿಕೊಂಡು ಒಳಗೆ ಇಳಿಸಿದ್ದಳು. ಸುತ್ತ ಗಂಡಸರೆಲ್ಲ ಮಾತಿಲ್ಲದೆ ನಿಂತಿದ್ದರು. ಪೂಜೆ ಎಂದರೆ ಹಾಗೆಯೇ ಇರುತ್ತದೆ ಎಂದು ನಾನೂ ಸುಮಕ್ಕನೂ ಕೈ ಮುಗಿದಿದ್ದೆವು. ಯಾರೂ ನಮ್ಮನ್ನು ತಿದ್ದಲಿಲ್ಲ. ಆ ಕಾಲದ ದೊಡ್ಡವರು ಮಕ್ಕಳಿಗೆ ಅಪ್ಪಣೆ ಕೊಡುತ್ತಿದ್ದರು, ಕಾರಣ ಕೊಡುತ್ತಿರಲಿಲ್ಲ.

ಚಪ್ಪಡಿಯ ಮೇಲೆ ಕೂತು ಕವಡೆ ಆಡಿದರೂ ಅಜ್ಜಿ ಜಗುಲಿಯಿಂದ ಕೂಗುತ್ತಿದ್ದಳು. "ಅಲ್ಲಿ ಆಡ್ಬ್ಯಾಡ್ರಲೇ."

"ಯಾಕಜ್ಜಿ?"

"ಆಡ್ಬ್ಯಾಡ ಅಂದ್ರೆ ಆಡ್ಬ್ಯಾಡ."

ಆದರೆ ಅದೇ ಅಜ್ಜಿ, ಹಗೇವಿನ ರಾಗಿ ಬೇಸಿಗೆಯಲ್ಲೂ ತಣ್ಣಗಿರುತ್ತದೆ, ಕೈ ಹಾಕಿದರೆ ಬಾವಿ ನೀರು ಮುಟ್ಟಿದ ಹಾಗೆ ಎಂದು ಬಂದವರಿಗೆಲ್ಲ ಹೊಗಳುತ್ತಿದ್ದಳು. ಕೊಬ್ಬರಿ ಬಿದ್ದ ಸಂಜೆ ಸುಮಕ್ಕನಿಗೆ ಈ ಹೊಗಳಿಕೆ ನೆನಪಾಯಿತು.

"ಹಗೇವು ಖಾಲಿ ಬಿದ್ದದೆ. ಒಳಗೆ ಎಷ್ಟ್ ತಂಪಿರ್ಬೌದು ಯೋಚ್ನೆ ಮಾಡು" ಎಂದಳು. "ಬೆಕ್ಕೂ ಬರಲ್ಲ, ನಾಯೀನೂ ಬರಲ್ಲ. ಬೆಳಿಗ್ಗೆ ಇಳಿಸೋದು, ಸಂಜೆ ಎಳ್ಕಳೋದು."

"ಅಜ್ಜಿ?"

"ಅಜ್ಜಿಗ್ಯಾಕೆ ಹೇಳ್ಬೇಕು? ಮಧ್ಯಾಹ್ನ ಮಲಗ್ತಾಳೆ."

ಮೂರು ಮಧ್ಯಾಹ್ನ ನಾವು ಆ ಕೆಮ್ಮಣ್ಣು ಕೆರೆದೆವು. ನನ್ನ ಕೈಯಲ್ಲಿ ಮುರಿದ ಕುಡುಗೋಲು, ಅವಳ ಕೈಯಲ್ಲಿ ರೊಟ್ಟಿ ಮಗುಚುವ ಮೊಗಚೆಕಾಯಿ. ನಿದ್ದೆ ಬಿಟ್ಟು ದುಡಿದದ್ದು ನನ್ನ ಜೀವನದಲ್ಲಿ ಅದೇ ಮೊದಲು. ಅಂಗಳದ ಕೋಳಿಗಳು ಮಣ್ಣು ಕೆದರಿದಲ್ಲೆಲ್ಲ ಓಡಿಬರುವಂಥವು, ಅಲ್ಲಿಗೆ ಮಾತ್ರ ಬರಲಿಲ್ಲ. ಬಿಸಿಲಿಗೆ ಬರಲಿಲ್ಲ ಎಂದುಕೊಂಡೆವು. ಮೂರನೆಯ ದಿನ ಸಂದಿ ಬಿಟ್ಟಿತು. ಅಲ್ಲಿಗೆ ಕೆನ್ನೆ ಇಟ್ಟರೆ ಎಲ್ಲೋ ಆಳದಿಂದ ತಣ್ಣನೆಯ ಒಂದು ಎಳೆ. ಹುಳಿ ಹಿಡಿದ ಅಂಬಲಿಯ ವಾಸನೆ.

"ಆಹಾ" ಎಂದಳು ಸುಮಕ್ಕ.

ನಾಲ್ಕನೆಯ ದಿನ ಅಪ್ಪ ಕಡೂರಿಗೆ ಹೋಗಿದ್ದರು. ಅಮ್ಮ ಒಳಗೆ ನಿದ್ದೆ, ಅಜ್ಜಿ ಜಗುಲಿಯ ಮೇಲೆ ಸೆರಗು ಹಾಸಿಕೊಂಡು ನಿದ್ದೆ. ಹಾರೆ ತೂರಿಸಿ ಇಬ್ಬರೂ ಅದರ ಮೇಲೆ ಜೋತುಬಿದ್ದಾಗ ಚಪ್ಪಡಿ ಒಂದು ಮೊಳ ಜರುಗಿತು. ಒಳಗೆ ಏನೂ ಕಾಣಿಸಲಿಲ್ಲ. ಅಷ್ಟು ಬಿಸಿಲಿನ ಪಕ್ಕದಲ್ಲಿ ಅಷ್ಟು ಕತ್ತಲೆ ಇರಬಹುದೆಂದು ನನಗೆ ಗೊತ್ತಿರಲಿಲ್ಲ.

ಸುಮಕ್ಕ ಭಯಭಕ್ತಿಯ ಹುಡುಗಿ. ಅವಳು ಮುಂಚೆಯೇ ಸ್ನಾನ ಮಾಡಿ ಬಂದಿದ್ದಳು. ದೇವರ ಮನೆಯಿಂದ ಅದೇ ಹಿತ್ತಾಳೆ ದೀಪ, ಕುಂಕುಮ, ಎರಡು ಊದುಗಡ್ಡಿ ತಂದಿದ್ದಳು.

"ಅಜ್ಜಿ ಮಾಡ್ದಂಗೇ ಮಾಡ್ಬೇಕು ಕಣೋ. ಇಲ್ದಿದ್ರೆ ದೋಷ."

"ಅಜ್ಜಿ ದೀಪಾನ ಒಳಗೆ ಇಳಿಸಿದ್ಲು."

"ಇರೋದೊಂದೇ ಹಗ್ಗ. ಅದನ್ನ ದೀಪಕ್ಕೆ ಕಟ್ಟಿದ್ರೆ ಬುಟ್ಟಿಗೇನ್ ಕಟ್ತೀಯಾ, ನಿನ್ ಉಡ್ದಾರಾನಾ? ಬಾಯಿ ಹತ್ರ ಇಟ್ರೂ ದೇವ್ರಿಗೆ ಕಾಣ್ತದೆ ಬಿಡು."

ವಾದ ಸರಿಯಾಗಿಯೇ ಇತ್ತು. ದೀಪವನ್ನು ಚಪ್ಪಡಿಯ ಅಂಚಿನಲ್ಲಿ ಇಟ್ಟು ಹಚ್ಚಿದಳು. ಕಾಯಿ ಒಡೆದರೆ ಸದ್ದಾಗುತ್ತದೆ ಎಂದು ಬಿಟ್ಟೆವು. ಊದುಗಡ್ಡಿಗೆ ಸದ್ದಿಲ್ಲವಲ್ಲ, ಹಚ್ಚಿದೆವು. ಗಾಳಿಯೇ ಇರಲಿಲ್ಲ, ದೀಪ ಒಂಚೂರೂ ಅಲ್ಲಾಡದೆ ನೆಟ್ಟಗೆ ಉರಿಯಿತು. ಅದು ಅಷ್ಟು ನೆಟ್ಟಗೆ ಉರಿದದ್ದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಇಬ್ಬರೂ ಕೈ ಮುಗಿದು, ಮೂರನ್ನೂ ಬುಟ್ಟಿಗೆ ಹಾಕಿ, ಮುಚ್ಚಳ ಕಟ್ಟಿ, ನಿಧಾನಕ್ಕೆ ಇಳಿಸಿದೆವು.

ಇಳಿಯುವಾಗ ಮೂರೂ ಕೂಗಿದವು. ಗುಂಡಿಯ ಒಳಗೆ ಆ ಸದ್ದು ದೊಡ್ಡದಾಗಿ, ಇನ್ಯಾವುದೋ ಪ್ರಾಣಿಯದ್ದರ ಹಾಗೆ ಕೇಳಿಸಿತು. ಹಗ್ಗ ಅರ್ಧ ಇಳಿದಾಗ ಒಂದು ದನಿ ಕಡಿಮೆಯಾಯಿತು. ಬುಟ್ಟಿ ತಳ ಮುಟ್ಟಿದ್ದು ಕೈಗೆ ಗೊತ್ತಾದಾಗ ಒಂದೇ ದನಿ ಇತ್ತು. ಆಮೇಲೆ ಅದೂ ನಿಂತಿತು.

"ಮಲಗಿದ್ವು ಕಣೋ" ಎಂದು ಸುಮಕ್ಕ ಪಿಸುಗುಟ್ಟಿದಳು. "ಪಾಪ, ಎಷ್ಟ್ ದಿನದ ನಿದ್ದೆಯೋ."

ಅವಕ್ಕೆ ಎಚ್ಚರವಾಗದಿರಲಿ ಎಂದು ನಾವು ಮಾತು ನಿಲ್ಲಿಸಿ, ಬಾಯಿಯ ಆಚೆ ಈಚೆ ಕೂತುಕೊಂಡೆವು. ಆ ಬೇಸಿಗೆಯಲ್ಲಿ ನನಗೆ ಸಿಕ್ಕ ಮೊದಲ ನೆಮ್ಮದಿ ಅದು.

ನೀರಿನ ಬಟ್ಟಲು, ಸೌತೆಕಾಯಿ ಇನ್ನೂ ಮೇಲೆಯೇ ಇದ್ದವು. ಯಾರಾದರೂ ಇಳಿದು ಬುಟ್ಟಿಯ ಮುಚ್ಚಳ ಬಿಚ್ಚಿ ಇಟ್ಟುಬರಬೇಕು. ಹಗೇವಿನ ಗೋಡೆಯಲ್ಲಿ ಕಾಲಿಡಲು ಸಣ್ಣ ಗೂಡುಗಳನ್ನು ಕೊರೆದಿರುತ್ತಾರೆ. ಹಗ್ಗದ ಇನ್ನೊಂದು ತುದಿಯನ್ನು ಸುಮಕ್ಕ ಬೇವಿನ ಮರಕ್ಕೆ ಕಟ್ಟಿದಳು. "ಇಳಿಯೋ. ನೀನ್ ಎರಡ್ ಗೂಡು ಇಳ್ದ್ಮೇಲೆ ಬಟ್ಲು ನಾನ್ ಕೊಡ್ತೀನಿ. ಭಾಷೆ ಕೊಟ್ಟೋನು ನೀನು ತಾನೆ?"

ಭಾಷೆ ಕೊಟ್ಟವನು ನಾನೇ. ಬಾಯಿಯ ಅಂಚಿಗೆ ಕೂತು ಕಾಲು ಇಳಿಬಿಟ್ಟೆ. ತಂಪು ಮೊದಲು ಪಾದ ಹಿಡಿಯಿತು, ಆಮೇಲೆ ಮೊಣಕಾಲು. ಹಂಡೆಯ ತಣ್ಣೀರಿಗೆ ಇಳಿದ ಹಾಗೆ, ಆದರೆ ಒದ್ದೆಯಿಲ್ಲ. ತಿರುಗಿ, ಎರಡೂ ಮೊಳಕೈ ಕಲ್ಲಿಗೆ ಊರಿ, ಸೊಂಟದವರೆಗೆ ಇಳಿದೆ. ಕಾಲಿನ ಹೆಬ್ಬೆರಳಿನಿಂದ ಗೂಡು ಹುಡುಕುತ್ತಿದ್ದೆ. ಒಂದು ಸಿಕ್ಕಿತು. ಇನ್ನೊಂದಕ್ಕೆ ಕಾಲು ಚಾಚಿದೆ.

ನಮ್ಮ ಕಡೆ ನಡು ಮಧ್ಯಾಹ್ನ ಯಾರೂ ಊದುಗಡ್ಡಿ ಹಚ್ಚುವುದಿಲ್ಲ. ಆ ಹೊತ್ತಿನಲ್ಲಿ ಅದರ ವಾಸನೆ ಬಂತೆಂದರೆ ಯಾರದೋ ಮನೆಯ ಮುಂದೆ ಹೆಣ ಇಳಿಸಿದ್ದಾರೆ ಎಂದು ಅರ್ಥ. ಜಗುಲಿಯ ಮೇಲೆ ಅಜ್ಜಿಗೆ ಎಚ್ಚರವಾದದ್ದು ಅದರಿಂದ.

"ಯಾರ್ ಹೋದ್ರೇ?" ಎನ್ನುವ ದನಿ ಕೇಳಿಸಿತು. ಆಮೇಲೆ, ಮಂಡಿನೋವೆಂದು ಎರಡು ವರ್ಷದಿಂದ ಗೋಡೆ ಹಿಡಿದು ನಡೆಯುತ್ತಿದ್ದ ನಮ್ಮ ಅಜ್ಜಿ ಅಂಗಳದಲ್ಲಿ ಓಡಿಬರುವುದನ್ನು ಕಂಡೆ. ಅವಳು ಕೂಗಲಿಲ್ಲ. ಬಂದವಳೇ ನನ್ನ ಕೂದಲಿಗೆ ಕೈ ಹಾಕಿ, ಇನ್ನೊಂದು ಕೈಯಲ್ಲಿ ಅಂಗಿಯ ಕೊರಳಪಟ್ಟಿ ಹಿಡಿದು, ರಾಗಿ ಮೂಟೆ ಎಳೆದ ಹಾಗೆ ಎಳೆದು ನೆಲಕ್ಕೆ ಎಸೆದಳು. ಅಂಗಿಯ ಮೂರು ಗುಂಡಿ ಹಗೇವಿಗೆ ಬಿದ್ದವು. ಬಿದ್ದ ಸದ್ದು ಬರಲಿಲ್ಲ.

"ಒಳಗೆ ಇನ್ಯಾರವ್ರೇ?" ಸುಮಕ್ಕನ ತೋಳು ಹಿಡಿದು ಕೇಳಿದಳು. "ಯಾರವ್ರೆ ಹೇಳೇ!"

"ಯಾರಿಲ್ಲ ಅಜ್ಜಿ. ಇಲಿ ಮರಿ... ಪವಿತ್ರನ್ವು..."

ಅಜ್ಜಿ ಅಲ್ಲೇ ನೆಲದ ಮೇಲೆ ಕೂತಳು. ನಮ್ಮಿಬ್ಬರನ್ನೂ ಹೊಡೆಯಬಹುದಿತ್ತು, ಹೊಡೆಯಲಿಲ್ಲ. ಅದರಿಂದಲೇ ನನಗೆ ಹೆದರಿಕೆ ಶುರುವಾಯಿತು. ಆಮೇಲೆ ಹಗ್ಗ ಎಳೆದುಕೊಂಡಳು. ಬುಟ್ಟಿ ಮೇಲೆ ಬಂತು. ಅದರ ಮುಚ್ಚಳ ತೆಗೆಯದೆ ಪಕ್ಕಕ್ಕಿಟ್ಟು, ಹಗ್ಗ ಬಿಚ್ಚಿ, ಚಪ್ಪಡಿಯ ಮೇಲೆ ಇನ್ನೂ ಉರಿಯುತ್ತಿದ್ದ ದೀಪಕ್ಕೆ ಕಟ್ಟಿದಳು.

"ಇಬ್ರೂ ಬನ್ನಿ. ನೋಡಿ."

ದೀಪ ಇಳಿಯಿತು. ಒಂದು ಮೊಳ ಚೆನ್ನಾಗಿ ಉರಿಯಿತು. ನನ್ನ ಎದೆಯಷ್ಟು ಆಳಕ್ಕೆ ಹೋದಾಗ ಜ್ವಾಲೆ ಸಣ್ಣಗಾಗಿ, ಬತ್ತಿಯನ್ನು ಬಿಟ್ಟು ಸ್ವಲ್ಪ ಮೇಲೆ ನಿಂತು, ಆರಿತು. ಯಾರೋ ಕೆಳಗಿಂದ ಊದಿದ ಹಾಗೆ. ಅಜ್ಜಿ ಮೇಲಕ್ಕೆಳೆದು ಮತ್ತೆ ಹಚ್ಚಿ ಇಳಿಸಿದಳು. ಅದೇ ಜಾಗದಲ್ಲಿ ಮತ್ತೆ ಆರಿತು.

"ಅಲ್ಲಿಂದ ಕೆಳಿಕೆ ಉಸ್ರು ಇಲ್ಲ" ಎಂದಳು. "ಕೆಟ್ಟ ರಾಗಿ ತಿಂದು ಭೂಮಿ ಬಿಟ್ಟಿರೋ ಗಾಳಿ ಅದು. ಎರಡ್ ದಿನ ಬಾಯಿ ತೆಗ್ದು ಬಿಡ್ಬೇಕು, ಸೊಪ್ಪಿನ ಕಟ್ಟು ಇಳ್ಸಿ ಇಳ್ಸಿ ಎಳೀಬೇಕು, ದೀಪ ಉರುದ್ರೆ ಮನುಷ್ಯ ಇಳೀಬೇಕು. ಈಗ ಹೇಳು, ಇನ್ನೆರಡು ಗೂಡು ಇಳ್ದಿದ್ರೆ ನಿನ್ ಮೂಗು ಎಲ್ಲಿರ್ತಿತ್ತು?"

ನಾನು ನನ್ನ ಮೂಗು ಮುಟ್ಟಿ ನೋಡಿಕೊಂಡೆ.

"ಇವ್ನು ಓಗೊಡ್ಲಿಲ್ಲ ಅಂದ್ರೆ ನೀನೇನ್ ಮಾಡ್ತಿದ್ದೆ?" ಎಂದು ಸುಮಕ್ಕನ ಕಡೆ ತಿರುಗಿದಳು.

"ಇಳೀತಿದ್ದೆ" ಎಂದಳು ಸುಮಕ್ಕ.

"ಅವ್ರೂ ಹಂಗೇ ಮಾಡಿದ್ದು. ನಿಮ್ ಚಿಕ್ಕಜ್ಜ ಇಳ್ದ. ಕೂಗಿದ್ರೆ ಮಾತಿಲ್ಲ. ಎತ್ತಕ್ಕೆ ಅಂತ ಮನೆ ಆಳು ಇಳ್ದ. ಅವ್ನೂ ಮೇಲೆ ಬರ್ಲಿಲ್ಲ. ಇದೇ ಬಾಯಲ್ಲಿ, ಇಂಥದೇ ಬಿಸ್ಲಲ್ಲಿ." ಅವಳು ದೀಪದ ಎಣ್ಣೆಯನ್ನು ಸೆರಗಿನಿಂದ ಒರೆಸಿದಳು. "ಜ್ವರ ಅಲ್ಲ."

ಆಮೇಲೆ ಬುಟ್ಟಿ ತೆಗೆದಳು. ಎಳ್ಳು ಮತ್ತು ಬೆಲ್ಲ ಒಂದರ ಮೈಯ ಕೆಳಗೆ ಒಂದು ತಲೆ ತೂರಿಸಿದ್ದವು. ಕೊಬ್ಬರಿ ಮುಚ್ಚಳದ ಕಡೆ ಮುಖ ಮಾಡಿತ್ತು. ಮೂರರ ಮೈಯೂ ತಣ್ಣಗಿತ್ತು. ಇಡೀ ಬೇಸಿಗೆ ನಾವು ಮಾಡಲಾಗದ ಕೆಲಸವನ್ನು ಹಗೇವು ಅಷ್ಟರಲ್ಲಿ ಮುಗಿಸಿತ್ತು.

ಅಜ್ಜಿ ಬೇವಿನ ಬುಡದಲ್ಲಿ ತಾನೇ ಗುದ್ದಲಿ ಹಿಡಿದು ಗುಂಡಿ ತೋಡಿದಳು. ಮೂರರ ಹಣೆಗೂ ವಿಭೂತಿ ಇಟ್ಟಳು. "ಇಲಿಗೆ ಯಾಕಜ್ಜಿ?" ಎಂದು ಸುಮಕ್ಕ ಅಳುತ್ತ ಕೇಳಿದ್ದಕ್ಕೆ, "ನಿನ್ ತಮ್ಮನ ಹಣೆಗೆ ತಂದಿದ್ದು. ಅವಕ್ಕೆ ಆಯ್ತು" ಎಂದಳು. ಸಂಜೆ ಬಂದ ಅಪ್ಪ ವಿಷಯ ಕೇಳಿ, ಮೋಲ್ಡಿನ ಕಡೆ ಒಂದು ಸಲ, ನನ್ನ ಕಡೆ ಒಂದು ಸಲ ನೋಡಿದರು. ಅವತ್ತು ಅವರು ಉಣ್ಣಲಿಲ್ಲ.

ಪವಿತ್ರ ಬರುವುದಕ್ಕೆ ಇನ್ನೂ ಮೂರು ವಾರವಿತ್ತು. ಅಷ್ಟರಲ್ಲಿ ಸುಮಕ್ಕ ಒಂದು ಕಥೆ ಸಿದ್ಧ ಮಾಡಿದಳು. ಕಪ್ಪು ಬೆಕ್ಕು, ತೆರೆದ ಬಾಗಿಲು, ನಾವು ಓಡಿಸಿಕೊಂಡು ಹೋದದ್ದು. ಚೆನ್ನಾಗಿತ್ತು ಕಥೆ. ಬೆಕ್ಕಿಗೆ ಬಾಲದ ತುದಿಯಲ್ಲಿ ಬಿಳಿ ಮಚ್ಚೆ ಕೂಡ ಇತ್ತು. ನನ್ನ ಜೇಬಿನಲ್ಲಿದ್ದ ಹಾಳೆ ಬೆವರಿಗೆ ನೆನೆದು ಮಡಿಕೆಯಲ್ಲಿ ಹರಿದಿತ್ತು. ಹರಿದ ಕೆಳಭಾಗದಲ್ಲಿ ನಾಲ್ಕನೆಯ ಸಾಲು ಒಂದೇ ಉಳಿದಿತ್ತು.

ಮೇ ಕೊನೆಯ ವಾರ, ಮೊದಲ ಮಳೆ ಬಿದ್ದು ಮಣ್ಣು ವಾಸನೆ ಹೊಡೆಯುತ್ತಿದ್ದ ದಿನ, ಮಾವನೂ ಅವಳೂ ಬಂದರು. ಅವಳು ಖಾಲಿ ಕೈಯಲ್ಲಿ ಬಂದಿರಲಿಲ್ಲ. ತರೀಕೆರೆಯಿಂದ ಮೂರು ಸಣ್ಣ ಗಂಟೆ, ಕೆಂಪು ದಾರಕ್ಕೆ ಪೋಣಿಸಿದ್ದನ್ನು ತಂದಿದ್ದಳು. ಹೊಸ್ತಿಲಲ್ಲೇ ನಿಂತು ಕಿವಿಗೊಟ್ಟಳು. ಸೀಟಿ ಕೇಳಲಿಲ್ಲ.

ಸುಮಕ್ಕ ಬಾಯಿ ತೆರೆದಳು. ಅವಳಿಗಿಂತ ಮೊದಲು ನಾನು ಹೇಳಿಬಿಟ್ಟೆ. "ಸತ್ತೋದ್ವು. ಮೂರೂ. ತಂಪಾಗಿರ್ಲಿ ಅಂತ ನಾವೇ ಹಗೇವಿಗೆ ಇಳಿಸಿದ್ವಿ. ಒಳಗೆ ಗಾಳಿ ಇರ್ಲಿಲ್ಲ."

ಮಾವ ಏನೋ ಸಮಾಧಾನ ಹೇಳಲು ಹೋದರು. ಅಜ್ಜಿ ಕೈ ಎತ್ತಿ ತಡೆದು, ಪವಿತ್ರಳನ್ನು ಹತ್ತಿರ ಕರೆದು ಕೂರಿಸಿಕೊಂಡಳು. "ಸುಳ್ಳಲ್ಲ ಕಣವ್ವಾ. ಅವು ಇಳೀದೆ ಇದ್ದಿದ್ರೂ ಇವ್ರು ಇವತ್ತಲ್ಲ ನಾಳೆ ಆ ಬಾಯಿ ತೆಗೀತಿದ್ರು. ಅವಕ್ಕೆ ಅಂತ ಹಚ್ಚಿದ್ ಊದುಗಡ್ಡಿ ವಾಸ್ನೆಗೇ ನಂಗೆ ಎಚ್ರಾಗಿದ್ದು. ನಿನ್ ಮೂರು ಹೋದ್ವು. ಇವ್ನು ಉಳ್ಕಂಡ."

ಪವಿತ್ರ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಸಂತೆಯಲ್ಲಿ ಯಾರೋ ತನಗೆ ಮೋಸ ಮಾಡಿ ಬೇರೆ ಸಾಮಾನು ಕೊಟ್ಟಿದ್ದಾರೆ ಎನ್ನುವ ಹಾಗೆ.

"ಇವ್ನನ್ ಇಟ್ಕಂಡು ನಾನೇನ್ ಮಾಡ್ಲಿ?" ಎಂದಳು.

ಅವಳು ಬೇವಿನ ಬುಡ ಎಲ್ಲಿದೆ ಎಂದು ಕೇಳಿ, ಒಬ್ಬಳೇ ಹೋಗಿ, ಗಂಟೆಗಳನ್ನು ಅಲ್ಲಿ ಮಣ್ಣೊಳಗೆ ಒತ್ತಿ ಬಂದಳು. ಸಂಜೆಯ ಬಸ್ಸಿಗೆ ಹೊರಟುಹೋದರು.

ಈಗ ನಮ್ಮ ಬೀದಿಯಲ್ಲಿ ಮಣ್ಣಿನ ಮಾಳಿಗೆಯ ಮನೆ ಒಂದೂ ಇಲ್ಲ. ಎದುರು ಮನೆಯವರೂ ಮೋಲ್ಡ್ ಹಾಕಿಸಿದರು, ಮಧ್ಯಾಹ್ನ ಎಲ್ಲರೂ ಕೂಲರಿನ ಮುಂದೆ ಕೂತು ಅದರ ಸದ್ದಿಗಿಂತ ಜೋರಾಗಿ ಮಾತಾಡುತ್ತಾರೆ. ಹೊರಗಿನ ಬಿಸಿಲಿನಿಂದ ಒಳಗೆ ಕಾಲಿಟ್ಟರೆ ಕಣ್ಣು ಕತ್ತಲೆಗಟ್ಟಿ, ಮಣ್ಣು ವಾಸನೆಯ ತಂಪು ಮೈಮೇಲೆ ಬೀಳುತ್ತಿತ್ತಲ್ಲ, ಅದನ್ನು ಮಕ್ಕಳಿಗೆ ವಿವರಿಸಲು ಹೋಗಿ ನಾನು ಎರಡು ಸಲ ಸೋತಿದ್ದೇನೆ. ರಾಗಿ ಚೀಲದಲ್ಲಿ ಇರುತ್ತದೆ, ಹುಳ ಬಿದ್ದರೆ ಬಿಸಿಲಿಗೆ ಹಾಕುತ್ತಾರೆ. ಹಗೇವು ಎಂದರೆ ಏನು ಎಂದು ಕೇಳುವ ವಯಸ್ಸಿನವರೇ ಊರಲ್ಲಿ ಹೆಚ್ಚು. ಬಾಯಿ ತೆರೆದ ಕತ್ತಲೆಗೆ ಮೊದಲು ದೀಪ ಇಳಿಸಿ, ಅದು ಉರಿಯುತ್ತದೋ ಆರುತ್ತದೋ ಎಂದು ಉಸಿರು ಹಿಡಿದು ನೋಡುವವರು ಯಾರೂ ಉಳಿದಿಲ್ಲ. ಅಜ್ಜಿ ಹೋಗಿ ಹನ್ನೊಂದು ವರ್ಷವಾಯಿತು. ಅವಳ ಫೋಟೋವನ್ನು ಚಿಕ್ಕಜ್ಜನ ಪಕ್ಕಕ್ಕೆ ಹಾಕಿದ್ದೇವೆ. ಹಿತ್ತಾಳೆ ದೀಪ ಸುಮಕ್ಕನ ಮನೆಯ ಶೋಕೇಸಿನಲ್ಲಿದೆ, ಬತ್ತಿ ಇಲ್ಲ.

ಆ ವರ್ಷ ಜೂನ್ ಮೊದಲ ವಾರ ಅಪ್ಪ ಹಗೇವಿಗೆ ಎರಡು ಟ್ರ್ಯಾಕ್ಟರ್ ಮಣ್ಣು ಹೊಡೆಸಿ ಮುಚ್ಚಿಸಿದರು. ಗಿನಿಪಿಗ್‌ಗಳು ಮೂರೂ ಸತ್ತವು. ನಾನು ತಳಕ್ಕೆ ಇಳಿಯಲಿಲ್ಲ.